ವಿಮಾನಕ್ಕೆ ಕೇಳಿಸಿದ ಹೂಂ

ನಮ್ಮ ಆಫೀಸಿನ ಲಿಫ್ಟಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಒಂದೇ ಒಂದು ಮೇಜಿನ ಹತ್ತಿರ ಸಿಗುತ್ತದೆ. ಮಧ್ಯಾಹ್ನವಾದರೆ ಆ ಮೇಜಿಗೆ ಕಿತ್ತಾಟ. ದೊಡ್ಡನೆಕ್ಕುಂದಿಯ ಆ ಗಾಜಿನ ಕಟ್ಟಡದಲ್ಲಿ ಕೂತು ನಾವು ಮಾಡುತ್ತಿದ್ದ ಘನಕಾರ್ಯ ಏನೆಂದರೆ, ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವ ವಿಮಾನದೊಳಗೆ ಕೂತವರ ಮೊಬೈಲಿಗೆ ಸಿಗ್ನಲ್ ಕೊಡುವುದು. ನೆಲದ ಮೇಲಿರುವವರ ಕಷ್ಟ ನಮ್ಮ ವಿಭಾಗಕ್ಕೆ ಬರುತ್ತಿರಲಿಲ್ಲ.

ಇದರಲ್ಲಿ ದೊಡ್ಡ ಬ್ರಹ್ಮವಿದ್ಯೆ ಏನೂ ಇಲ್ಲ. ವಿಮಾನದೊಳಗೆ ಚಪ್ಪಲಿ ಡಬ್ಬದಷ್ಟು ದೊಡ್ಡ ಒಂದು ಪೆಟ್ಟಿಗೆ ಇಡುತ್ತೇವೆ. ಅದೇ ಅಲ್ಲಿನ ಮೊಬೈಲ್ ಟವರು. ಪ್ರಯಾಣಿಕನ ಮಾತನ್ನು ಅದು ವಿಮಾನದ ನೆತ್ತಿಯ ಮೇಲಿನ ಆಂಟೆನಾಕ್ಕೆ ಕೊಡುತ್ತದೆ, ಆಂಟೆನಾ ಉಪಗ್ರಹಕ್ಕೆ ಕಳಿಸುತ್ತದೆ, ಉಪಗ್ರಹ ಅದನ್ನು ಭೂಮಿಯ ಮೇಲಿನ ಕೇಂದ್ರಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ಫೋನಿನ ದಾರಿ. ನೆಲದವರ ಮಾತು ಇದೇ ದಾರಿಯಲ್ಲಿ ಮೇಲೆ ಹತ್ತುತ್ತದೆ. ಮಾತು ಅಷ್ಟು ದೂರ ಹೋಗಿ ಬರಬೇಕಾದ್ದರಿಂದ ಉತ್ತರ ಸ್ವಲ್ಪ ತಡವಾಗಿ ಕೇಳುತ್ತದೆ. ಮುನಿಸಿಕೊಂಡ ಗಂಡನ ಜೊತೆ ಮಾತಾಡಿದ ಹಾಗೆ ಇರುತ್ತದೆ, ಅಷ್ಟೇ.

ತೊಂದರೆ ಇದ್ದದ್ದು ಜಿಪುಣತನದಲ್ಲಿ. ಉಪಗ್ರಹದ ಬಾಡಿಗೆ ಸಿಕ್ಕಾಪಟ್ಟೆ. ಅದಕ್ಕೆ ಎರಡೂ ತುದಿಯಲ್ಲಿರುವ ನಮ್ಮ ಸಾಫ್ಟ್‌ವೇರು, ಯಾರೂ ಮಾತಾಡದಿದ್ದಾಗ ಬಾಗಿಲು ಹಾಕಿಕೊಂಡು ಕೂರುತ್ತದೆ. ಯಾರಾದರೂ ಬಾಯಿ ಬಿಟ್ಟರೆ, ಇದು ಮಾತೋ ಗದ್ದಲವೋ ಎಂದು ಮೊದಲು ವಿಚಾರ ಮಾಡುತ್ತದೆ. ಮಾತೇ ಎಂದು ಖಾತ್ರಿಯಾದ ಮೇಲೆ ಬಾಗಿಲು ತೆಗೆಯುತ್ತದೆ. ಅಷ್ಟು ಹೊತ್ತಿಗೆ ಮಾತಿನ ಮೊದಲ ಚೂರು ಹೊರಗೇ ಉಳಿದಿರುತ್ತದೆ. ‘ಗುಡ್ ಮಾರ್ನಿಂಗ್’ನಲ್ಲಿ ಗುಡ್ಡಿನ ತುದಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಬೆಳಗಂತೂ ಆಗಿಯೇ ಆಗುತ್ತದೆ.

ನಾನು ಟೆಸ್ಟಿಂಗ್ ವಿಭಾಗದವಳು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಸಂಬಳದ ಕೆಲಸ. ಪರೀಕ್ಷೆಗೆಂದು ಹೊರದೇಶದಿಂದ ಇಂಗ್ಲಿಷ್ ವಾಕ್ಯಗಳು ಬಂದಿದ್ದವು. ಹವಾಮಾನ, ದೋಣಿ, ನದೀತೀರದಲ್ಲಿ ಓಡುವ ನಾಯಿ ಇತ್ಯಾದಿ. ಅವನ್ನು ಒಂದು ತುದಿಯಿಂದ ಕಳಿಸಿ ಇನ್ನೊಂದು ತುದಿಯಲ್ಲಿ ಹಿಡಿದರೆ ಯಂತ್ರವೇ ಅಂಕ ಹಾಕುತ್ತಿತ್ತು. ಆ ನಾಯಿಯನ್ನು ಎಷ್ಟು ಸಲ ಓಡಿಸಿದರೂ ಒಳ್ಳೆಯ ಅಂಕವೇ ಬರುತ್ತಿತ್ತು.

ಒಂದು ಮಧ್ಯಾಹ್ನ ಆ ನಾಯಿಯ ಸಹವಾಸ ಸಾಕಾಗಿ, ಪಕ್ಕದ ಕೋಣೆಯಲ್ಲಿದ್ದ ನಮ್ಮ ಫೀಲ್ಡ್ ಎಂಜಿನಿಯರ್ ಹುಡುಗನಿಗೆ ಅದೇ ಲೈನಿನಲ್ಲಿ ಕರೆ ಮಾಡಿ, “ಊಟ ಆಯ್ತೇನೋ?” ಎಂದೆ. “ಹೂಂ” ಎಂದು ಕೇಳಿಸಿತು. ನಾನು ಒಬ್ಬಳೇ ಹೋಗಿ ಉಂಡು ಬಂದೆ. ಬಂದು ನೋಡಿದರೆ ಅವನು ಮುಖ ಊದಿಸಿಕೊಂಡು ನಿಂತಿದ್ದ.

“ಏನ್ ಮೇಡಂ ನೀವು, ಉಹೂಂ ಅಂದ್ನಲ್ಲ. ಬಿಟ್ಟೋಗ್ಬಿಟ್ರಲ್ಲ.”

ಹೀಗೆ ಕಳ್ಳ ಸಿಕ್ಕಿಬಿದ್ದ. ನಮ್ಮ ಪೆಟ್ಟಿಗೆ ‘ಉಹೂಂ’ನ ತಲೆ ತಿಂದು ‘ಹೂಂ’ ಮಾಡುತ್ತಿತ್ತು. ಇಲ್ಲ ಎಂದದ್ದು ಹೌದಾಗಿ ಇಳಿಯುತ್ತಿತ್ತು. ಹತ್ತಾರು ಸಲ ಮಾಡಿ ನೋಡಿದೆವು, ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಹಾಡು. ನಾನು ದೂರು ಬರೆದು ಮ್ಯಾನೇಜರ್ ಮುಂದೆ ಇಟ್ಟೆ. ಅವರು ಮನೆಯಲ್ಲಿ ಹೆಂಡತಿಗೆ ದಿನವಿಡೀ ಹೂಂಗುಟ್ಟುವ ಅಪ್ಪಟ ಕನ್ನಡಿಗರು.

“ಫ್ಲೈಟಲ್ಲಿ ಉಹೂಂ ಅಂತ ಯಾರ್ ಅಂತಾರ್ರೀ? ನೋ ಅಂತಾರೆ” ಎಂದರು. ದೂರಿನ ಮೇಲೆ ‘ರೀಜನಲ್ ಲ್ಯಾಂಗ್ವೇಜ್ ಇಶ್ಯೂ, ಲೋ ಪ್ರಯಾರಿಟಿ’ ಎಂದು ಹಾಕಿ ಮುಚ್ಚಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದರೆ ಉರಿದುಕೊಳ್ಳಲಿ ಎಂದು ಬಿಡುವುದನ್ನು ಆಫೀಸಿನಲ್ಲಿ ಎಲ್ಲರೂ ಬೇಗ ಕಲಿಯುತ್ತಾರೆ.

ನಾನು ಬಾಡಿಗೆಗಿದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ, ಮೂರಂತಸ್ತಿನ ಮನೆಯ ಎರಡನೇ ಮಹಡಿ. ಓನರ್ ಆಂಟಿ ಕೆಳಗಿದ್ದರು. ಯಜಮಾನರು ತೀರಿಕೊಂಡ ಮೇಲೆ ಬಾಡಿಗೆದಾರರನ್ನು, ನೀರಿನ ಮೋಟಾರನ್ನು ಮತ್ತು ಒಬ್ಬಳೇ ಮಗಳನ್ನು ಒಂದೇ ದನಿಯಲ್ಲಿ ಆಳುತ್ತಿದ್ದವರು. ಮಗಳು ವೈಟ್‌ಫೀಲ್ಡಿನ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದರಲ್ಲಿ ಅವಳ ಕೈ ಎಷ್ಟು ಹಗುರ ಎಂದರೆ, ಸೂಜಿ ಎಂದರೆ ಅಳುವ ನಾನೂ ಅವಳ ಹತ್ತಿರವೇ ಹೋಗುತ್ತಿದ್ದೆ. ಆ ಕೆಲಸ ಅವಳಿಗೆ ಪ್ರಾಣ.

ಆ ಫೀಲ್ಡ್ ಎಂಜಿನಿಯರ್ ಹುಡುಗ ಒಂದು ಭಾನುವಾರ ನನಗೆ ಟೆಸ್ಟ್ ಫೋನೊಂದನ್ನು ಕೊಡಲು ಮನೆಗೆ ಬಂದ. ಗೇಟಿನಿಂದ ಮೆಟ್ಟಿಲಿಗೆ ಬರುವಷ್ಟರಲ್ಲಿ ಆಂಟಿ ಅವನನ್ನು ತಡೆದು, ಅವನ ಹೆಸರಿಗಿಂತ ಮೊದಲು ಊರು, ಊರಿಗಿಂತ ಮೊದಲು ಜಾತಿ ವಿಚಾರಿಸಿ ಮುಗಿಸಿದ್ದರು. ಚಂದಾಪುರದ ಕಡೆಯವನು, ಸ್ವಂತ ಮನೆ, ತಮ್ಮ ಜಾತಿಯವನೇ. ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು.

“ಉಡ್ಗ ಎಂಗೆ ಮೇಡಂ?”

“ಹುಡುಗ ಒಳ್ಳೆಯವನೇ ಆಂಟಿ. ಮಾತು ಸ್ವಲ್ಪ ಜಾಸ್ತಿ.”

“ಗಂಡ್ಸು ಮಾತಾಡ್ದೆ ಇನ್ನೇನ್ ಮಾಡ್ತಾನೆ, ಬುಡಿ” ಎಂದು ಹೋದರು.

ಹೆಣ್ಣು ನೋಡುವ ಶಾಸ್ತ್ರಕ್ಕೆ ನನ್ನನ್ನೂ ಕೂರಿಸಿಕೊಂಡರು. ಕೇಸರಿಬಾತಿನ ತಟ್ಟೆ ಕೈಗೆ ಬಂದಾಗಿನಿಂದ ಅದು ಖಾಲಿಯಾಗುವವರೆಗೆ ಅವನು ಉಪಗ್ರಹದ ಬಗ್ಗೆಯೇ ಮಾತಾಡಿದ. ಅವಳು ಒಂದು ಸಲ ಬಾಯಿ ತೆರೆದಳು. “ನಮ್ಮ ಲ್ಯಾಬಲ್ಲಿ” ಎಂದಳು. “ಲ್ಯಾಬ್ ಅಂದ್ರೆ ನೆನಪಾಯ್ತು ನೋಡಿ, ನಮ್ಮ ಲ್ಯಾಬಲ್ಲಿ” ಎಂದು ಅವನು ಮುಂದುವರಿಸಿದ. ಕೈ ತೊಳೆಯಲು ಏಳುವ ಮೊದಲು ಇನ್ನೊಂದು ಮಾತು ಸೇರಿಸಿದ: ತನಗೆ ಓಡಾಟ ಜಾಸ್ತಿ, ಮನೆಯಲ್ಲಿ ಒಬ್ಬರು ಇರಲೇಬೇಕು, ಹಾಗಾಗಿ ಮದುವೆಯಾದ ಮೇಲೆ ಅವಳು ಕೆಲಸ ಬಿಡಬೇಕಾಗುತ್ತದೆ. ಕೇಸರಿಬಾತಿಗೆ ಇನ್ನೊಂದು ಚಮಚ ತುಪ್ಪ ಬೇಕು ಎನ್ನುವಷ್ಟು ಸಲೀಸಾಗಿ ಹೇಳಿದ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ಅಮ್ಮನಿಗೆ, “ನಂಗೆ ಬೇಡಮ್ಮ” ಎಂದಳು. ನಾನು ಅಲ್ಲೇ ಇದ್ದೆ. ಆಂಟಿ ಪಾತ್ರೆ ಜೋಡಿಸುತ್ತಾ, “ಮೊದ್ಲು ಎಲ್ರೂ ಅಂಗೇ ಅಂತಾರೆ” ಎಂದರು. ಮರುದಿನ ಮೆಟ್ಟಿಲ ಹತ್ತಿರ ಅವಳು ಮತ್ತೆ ಹೇಳಿದಳು. ಆಂಟಿ, ಮೋಟಾರ್ ಆಫ್ ಮಾಡಿ ಬಾ ಎಂದರು. ಕೆಲಸ ಬಿಡುವುದಿಲ್ಲ, ಆ ಮನುಷ್ಯನ ಜೊತೆ ತನಗೆ ಆಗುವುದಿಲ್ಲ ಎಂದು ಆ ವಾರವೆಲ್ಲ ಹೇಳಿದಳು. ಆಂಟಿ ಆ ವಾರವೆಲ್ಲ ಛತ್ರ ವಿಚಾರಿಸಿದರು.

ಇತ್ತ ಆಫೀಸಿನಲ್ಲಿ ಕೊಲ್ಲಿ ದೇಶದ ಒಂದು ವಿಮಾನ ಕಂಪನಿಗೆ ನಮ್ಮ ಪೆಟ್ಟಿಗೆಯನ್ನು ತೋರಿಸುವ ದಿನ ಹತ್ತಿರ ಬಂತು. ಅವರ ಅಧಿಕಾರಿಗಳನ್ನು ಕೂರಿಸಿಕೊಂಡು ಹೋಗುವಾಗ ಒಂದು ಹಾರಾಟ, ಎರಡು ದಿನ ಬಿಟ್ಟು ಬರುವಾಗ ಇನ್ನೊಂದು. ನಮ್ಮ ಹುಡುಗ ಮತ್ತು ಮ್ಯಾನೇಜರು ಎರಡರಲ್ಲೂ ಇರುತ್ತಾರೆ. ಹುಡುಗನ ಮದುವೆ ಮಾತು ಮಾರ್ಕೆಟಿಂಗ್ ವಿಭಾಗದ ಕಿವಿಗೆ ಬಿತ್ತು ನೋಡಿ, ಅಲ್ಲಿಯ ಮೇಡಂ ಒಬ್ಬರು ಕುಣಿದಾಡಿಬಿಟ್ಟರು. ನಾಯಿ ಓಡುವ ವಾಕ್ಯ ಯಾರಿಗೆ ಬೇಕು? ಹುಡುಗ ಆಕಾಶದಿಂದ ಹುಡುಗಿಯನ್ನು ಕೇಳಲಿ, ಹುಡುಗಿ ನೆಲದಿಂದ ಒಪ್ಪಲಿ, ಅತಿಥಿಗಳು ಚಪ್ಪಾಳೆ ಹೊಡೆಯಲಿ, ಅದೇ ವಿಡಿಯೋ.

“ಹುಡುಗಿ ಬೇಡ ಅಂದ್ರೆ?” ಎಂದು ಕೇಳಿದೆ.

“ಪಾಸಿಟಿವ್ ಆಗಿರಿ ಮೇಡಂ” ಎಂದರು ಆಕೆ. ನಮ್ಮಲ್ಲಿ ಈ ಮಾತಿಗೆ ಬಾಯಿ ಮುಚ್ಚು ಎಂದರ್ಥ.

ಮಗಳ ಪರವಾಗಿ ಆಂಟಿ ಒಪ್ಪಿದರು. ಮಗಳು ಮಾತ್ರ ಬೇರೆಯೇ ಲೆಕ್ಕ ಹಾಕಿದ್ದಳು. “ಒಳ್ಳೇದೇ ಆಯ್ತು ಅಕ್ಕ. ಅಮ್ಮಂಗೆ ಹೇಳಿ ಹೇಳಿ ಸಾಕಾಯ್ತು. ನೇರ ಅವರಿಗೇ ಹೇಳ್ಬಿಡ್ತೀನಿ” ಎಂದಳು. ‘ಕ್ಷಮಿಸಿ, ನನಗೆ ಈ ಸಂಬಂಧ ಒಪ್ಪಿಗೆ ಇಲ್ಲ’ ಎಂದು ಒಂದು ಪೂರ್ತಿ ವಾಕ್ಯವನ್ನೇ ಬಾಯಿಪಾಠ ಮಾಡಿಕೊಂಡಿದ್ದಳು. ನನ್ನ ಮುಂದೆ ಹೇಳಿಯೂ ತೋರಿಸಿದಳು. ಅಷ್ಟು ಉದ್ದದ ವಾಕ್ಯದ ತಲೆ ಹೋದರೂ ಬಾಲ ತಲುಪುತ್ತದೆ ಎಂದು ನಾನೂ ನಿಶ್ಚಿಂತೆಯಿಂದಿದ್ದೆ.

ಆ ಮನೆಯ ಹಾಲ್‌ನಲ್ಲಿ ಸಿಗ್ನಲ್ ಬರುವುದಿಲ್ಲ. ಹೀಗಾಗಿ ಎಲ್ಲರೂ ತಾರಸಿ ಹತ್ತಿ, ನೀರಿನ ಟ್ಯಾಂಕ್ ಪಕ್ಕ, ಒಣಹಾಕಿದ ಬಟ್ಟೆಗಳ ನಡುವೆ ಸೇರಿದೆವು. ಆಂಟಿ ರೇಷ್ಮೆ ಸೀರೆ ಉಟ್ಟಿದ್ದರು. ಅಕ್ಕಪಕ್ಕದ ತಾರಸಿಗಳಲ್ಲೂ ಜನ ನಿಂತಿದ್ದರು. ಮಾರ್ಕೆಟಿಂಗ್ ಮೇಡಂ ಕ್ಯಾಮೆರಾ ಹಿಡಿದು, “ನ್ಯಾಚುರಲ್ ಆಗಿರಿ” ಎಂದು ಹುಡುಗಿಯ ಗಲ್ಲ ಎತ್ತಿ ಬೆಳಕಿಗೆ ತಿರುಗಿಸಿದರು. ಫೋನು ಬಂತು. ಸ್ಪೀಕರ್ ಹಾಕಿದರು.

“ಮೂವತ್ತೈದು ಸಾವಿರ ಅಡಿ ಮೇಲಿಂದ ಕೇಳ್ತಾ ಇದೀನಿ” ಎಂದ ನಮ್ಮ ಹುಡುಗ. “ನನ್ನ ಮದುವೆ ಆಗ್ತೀರಾ?”

ಅವಳು ಬಾಯಿ ತೆರೆದಳು. ಅಷ್ಟು ಜನ ನೋಡುತ್ತಿದ್ದರು, ಕ್ಯಾಮೆರಾ ಮೂಗಿನ ಹತ್ತಿರ ಇತ್ತು. ಬಾಯಿಪಾಠ ಎಲ್ಲಿ ಹಾರಿಹೋಯಿತೋ ಪಾಪ. ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ, “ಉಹೂಂ” ಎಂದಳು.

ತಾರಸಿಯ ಮೇಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು. ಪಕ್ಕದ ತಾರಸಿಯವರಿಗೂ ಕೇಳಿಸಿತು. ಆಂಟಿಯ ಮುಖ ಕಪ್ಪಿಟ್ಟಿತು, ಮಾರ್ಕೆಟಿಂಗ್ ಮೇಡಂ ಕೈ ಇಳಿಯಿತು. ಮಾತು ಮೇಲೆ ಹೋಗಿ ಬರುವಷ್ಟು ಹೊತ್ತು ಯಾರೂ ಮಿಸುಕಲಿಲ್ಲ. ಆಮೇಲೆ ಸ್ಪೀಕರಿನೊಳಗಿಂದ ಚಪ್ಪಾಳೆ ಸುರಿಯಿತು. ಸಿಳ್ಳೆ ಹೊಡೆದರು ಯಾರೋ. “ಥ್ಯಾಂಕ್ಯೂ, ಥ್ಯಾಂಕ್ಯೂ” ಎನ್ನುತ್ತಿದ್ದ ನಮ್ಮ ಹುಡುಗ. ಅವಳು “ಅಲ್ಲ, ಹಲೋ” ಎನ್ನುವಷ್ಟರಲ್ಲಿ ಕರೆ ಮುಗಿದಿತ್ತು.

ಏನಾಯಿತೆಂದು ನನಗೆ ತಕ್ಷಣ ಗೊತ್ತಾಯಿತು. ಅಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದೆ. ಯಂತ್ರ ಮೊದಲ ಅಕ್ಷರ ತಿಂದಿದೆ, ಮೇಲಿನವರಿಗೆ ತಪ್ಪು ಕೇಳಿಸಿದೆ, ಅವಳು ಅಂದದ್ದು ಉಹೂಂ ಎಂದೇ ಎಂದೆ. ಆಂಟಿ ಸೀರೆಯ ಸೆರಗು ಸರಿಮಾಡಿಕೊಂಡರು. ಮುಖಕ್ಕೆ ಬಣ್ಣ ವಾಪಸು ಬಂದಿತ್ತು.

“ನಮ್ಗೆ ಏನ್ ಕೇಳಿಸ್ತು ಅನ್ನೋದು ಯಾಕೆ ಮೇಡಂ? ಕೇಳ್ದೋರು ಅವ್ರು. ಅವ್ರಿಗೆ ಊಂ ಅಂತ ಕೇಳಿಸ್ತು. ಇಮಾನ್ದಾಗೆಲ್ಲ ಚಪ್ಪಾಳೆ ಒಡುದ್ರು. ಇನ್ನೇನು?”

ಅಷ್ಟೂ ಜನ ತಮ್ಮ ಕಿವಿಯನ್ನು ಪಕ್ಕಕ್ಕಿಟ್ಟು ವಿಮಾನದ ಕಿವಿಯನ್ನು ಇಟ್ಟುಕೊಂಡರು. ಇಳಿಯುವಾಗ ಮೆಟ್ಟಿಲ ಮೇಲೆ ಪಕ್ಕದ ಮನೆಯಾಕೆಯೊಬ್ಬರು, “ನಂಗೂ ಮೊದ್ಲು ಉಹೂಂ ಅಂದಂಗಾಯ್ತು, ಆಮೇಲೆ ನೋಡಿದ್ರೆ ಹೂಂ” ಎಂದರು. ಹಾಳಾಗಿ ಹೋಗಲಿ ಎಂದು ಬೈದುಕೊಂಡೆ.

ಸಂಜೆಯೊಳಗೆ ವಿಮಾನದ ಕಡೆಯಿಂದ ತೆಗೆದ ವಿಡಿಯೋ ಆಫೀಸಿನ ಗ್ರೂಪಿಗೂ ಆಂಟಿಯ ನೆಂಟರ ಗ್ರೂಪಿಗೂ ಬಂತು. ತಾರಸಿಯ ಮೇಲಿನದು ಎಲ್ಲಿಗೂ ಬರಲಿಲ್ಲ. ನೆಂಟರೆಲ್ಲ ಫೋನ್ ಮಾಡಿ ಹರಸಿದರು, ಹೂ ಮುಡಿಸುವ ಶಾಸ್ತ್ರ ಬರುವ ಭಾನುವಾರ ಎಂದು ನಿಶ್ಚಯವಾಯಿತು. ನಾನು ಮುಚ್ಚಿಹೋದ ದೂರನ್ನು ಮತ್ತೆ ತೆರೆದೆ. ಮ್ಯಾನೇಜರು ಅಲ್ಲಿಂದಲೇ ಉತ್ತರ ಕೊಟ್ಟರು: ಬರಬೇಕಾದ ಉತ್ತರ ಹೂಂ, ಬಂದ ಉತ್ತರ ಹೂಂ, ಟೆಸ್ಟ್ ಪಾಸ್. ಹುಡುಗನಿಗೆ ಮೆಸೇಜ್ ಹಾಕಿದೆ. ನಮ್ಮ ಲೈನಿನಲ್ಲಿ ತನ್ನದೇ ಉಹೂಂ ಕಳೆದುಕೊಂಡು ಊಟಕ್ಕೆ ಲಾಟರಿ ಹೊಡೆದಿದ್ದ ಆ ಭೂಪ ಬರೆದ: “ಕಿವಿಯಾರೆ ಕೇಳಿದೀನಿ ಮೇಡಂ. ನಮ್ಮ ಪ್ರಾಡಕ್ಟ್ ಮೇಲೆ ನಿಮಗೇ ನಂಬಿಕೆ ಇಲ್ವಾ?”

ಹುಡುಗಿಯೂ ಅವನಿಗೆ ಬರೆದಳು, ನಾನು ಬೇಡ ಅಂದಿದ್ದು ಎಂದು. ಅವನು ನಗುವ ಮುಖಗಳನ್ನು ಸಾಲಾಗಿ ಕಳಿಸಿ, ತುಂಬಾ ತಮಾಷೆ ಮಾಡ್ತೀರಪ್ಪ ಎಂದ. ಫೋನ್ ಮಾಡಿದರೆ ಮೀಟಿಂಗಿನಲ್ಲಿರುತ್ತಿದ್ದ.

ಅವಳು ನನ್ನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು.

“ಅಕ್ಕ, ಭಾನುವಾರ ಹೂ ಮುಡಿಸಿದ್ರೆ ಮುಗೀತು. ಸೋಮವಾರ ನಮ್ಮ ಸೆಂಟರಿಗೆ ಹೋಗಿ ಅಮ್ಮನೇ ರಾಜೀನಾಮೆ ಹೇಳಿ ಬರ್ತಾರೆ. ನಿಮ್ಮ ಮಿಷನ್ನು ಯಾವಾಗ ತಿನ್ನುತ್ತೆ, ಯಾವಾಗ ತಿನ್ನಲ್ಲ, ಸರಿಯಾಗಿ ಹೇಳಿ.”

ಹೇಳಿದೆ. ಸುಮ್ಮನಿದ್ದು ತಟಕ್ಕನೆ ಬಾಯಿ ಬಿಟ್ಟರೆ ತಿನ್ನುತ್ತದೆ. ಮಾತು ನಡೆಯುತ್ತಿದ್ದರೆ ಬಾಗಿಲು ತೆರೆದೇ ಇರುತ್ತದೆ, ಆಗ ಏನೂ ಹೋಗುವುದಿಲ್ಲ. ಮೊದಲು ಏನಾದರೂ ಹಾಳುಮೂಳು ಮಾತಾಡುತ್ತಾ ಇರು, ನಿಲ್ಲಿಸಬೇಡ, ಆ ಓಟದಲ್ಲೇ ಹೇಳಿಬಿಡು ಎಂದೆ.

ಬರುವ ಹಾರಾಟದಲ್ಲಿ ಎರಡನೇ ಕರೆ ಇತ್ತಲ್ಲ. ಮೊದಲನೆಯದು ಹಿಟ್ ಆಗಿದ್ದರಿಂದ ಮಾರ್ಕೆಟಿಂಗ್ ಮೇಡಂಗೆ ಭಾಗ ಎರಡು ಬೇಕಾಗಿತ್ತು, ‘ಭಾವಿ ದಂಪತಿಗಳ ಸರಸ’ ಎಂದು. ಅಷ್ಟು ಜನರ ಮುಂದೆ ಹುಡುಗನ ಮರ್ಯಾದೆ ಹೋಗುತ್ತದಲ್ಲ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಆದರೆ ಅವಳ ಮರ್ಯಾದೆಯನ್ನು ಟಿಕೆಟ್ ಇಲ್ಲದೆ ವಿಮಾನ ಹತ್ತಿಸಿದವರು ಯಾರು?

ಮತ್ತೆ ಅದೇ ತಾರಸಿ. ಈ ಸಲ ಇನ್ನೂ ಹೆಚ್ಚು ಜನ. ಆಂಟಿ ಮೊಳಗಟ್ಟಲೆ ಮಲ್ಲಿಗೆ ಮುಡಿದಿದ್ದರು. ಫೋನು ಬಂದ ತಕ್ಷಣ ಅವನು “ಹಾಯ್” ಎಂದ, ಹಿಂದೆ ಅತಿಥಿಗಳ ಗುಜುಗುಜು. ಅವಳು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು.

“ಹಲೋ, ನಮಸ್ಕಾರ, ಕೇಳಿಸ್ತಾ ಇದೆಯಾ, ಊಟ ಆಯ್ತಾ, ಫ್ಲೈಟಲ್ಲಿ ಏನ್ ಕೊಟ್ರು, ಚಪಾತಿನಾ ಅನ್ನನಾ, ಇಲ್ಲಂತೂ ಬಿಸಿಲು ಜಾಸ್ತಿ, ನೀವು ಮೊನ್ನೆ ಮದುವೆ ಆಗ್ತೀರಾ ಅಂತ ಕೇಳಿದ್ರಲ್ಲ, ನಾನು ಉಹೂಂ ಅಂದಿದ್ದು, ಉಹೂಂ, ನಂಗೆ ನೀವು ಬೇಡ, ಕೆಲಸ ಬಿಡಲ್ಲ, ತಮಾಷೆ ಅಲ್ಲ, ಈಗ್ಲಾದ್ರೂ ಕೇಳಿಸ್ತಾ?”

ಉಸಿರು ತೆಗೆದುಕೊಳ್ಳದೆ ಹೇಳಿದಳು. ಆಮೇಲೆ ಆ ತಡ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅಳೆದ ತಡಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ.

“ಕೇಳಿಸ್ತು” ಎಂದ ಹುಡುಗ. ದನಿ ಪಾತಾಳಕ್ಕಿಳಿದಿತ್ತು. ಊಟದ ದಿನದ ಆ ಉಹೂಂ ಬಿಟ್ಟರೆ, ಇಷ್ಟು ದಿನದಲ್ಲಿ ಅವನು ಒಂದೇ ಪದದಲ್ಲಿ ಮಾತು ಮುಗಿಸಿದ್ದು ಅದೇ ಮೊದಲು. ನನಗೆ ಅವನ ಮೇಲೆ ಕನಿಕರ ಬಂತು, ಸುಳ್ಳೇಕೆ ಹೇಳಲಿ.

ಕರೆ ಇನ್ನೂ ಕಟ್ಟಾಗಿರಲಿಲ್ಲ. ಹಿಂದೆ ಯಾರೋ ಅತಿಥಿ, ಹುಡುಗಿ ಏನಂದಳು ಎಂದು ಇಂಗ್ಲಿಷಿನಲ್ಲಿ ಕೇಳಿದ್ದು, ನಮ್ಮ ಮ್ಯಾನೇಜರು ಅರ್ಥ ಬಿಡಿಸಿ ಹೇಳಿದ್ದು ಎರಡೂ ನಮಗೆ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳಿಸಿದವು. ಈ ಸಲ ಧ್ವನಿ ತುಂಬಾ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದರು ಅವರು. ಚಪ್ಪಾಳೆ ಬಿತ್ತು. ಆ ಕಂಪನಿ ನಮ್ಮ ಪೆಟ್ಟಿಗೆಯನ್ನು ಕೊಂಡಿತು.

ತಾರಸಿ ನಿಧಾನವಾಗಿ ಖಾಲಿಯಾಯಿತು. ಮಾರ್ಕೆಟಿಂಗ್ ಮೇಡಂ ಕ್ಯಾಮೆರಾ ಮಡಚಿಕೊಂಡು ಹೋದರು. ಉಳಿದದ್ದು ತಾಯಿ, ಮಗಳು, ನಾನು. ಆಂಟಿ ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಮಗಳ ಮುಖವನ್ನೇ ನೋಡುತ್ತಾ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

“ಅಂಗಾರೆ ನಿಂಗೆ ಇಷ್ಟ ಇರ್ಲಿಲ್ವಾ? ಬ್ಯಾಡ ಅಂತ ನಂಗೆ ಒಂದ್ ಮಾತು ಮೊದ್ಲೇ ಯೋಳ್ಬಾರ್ದಾ?”

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ದನಿ ಏರಿಸಲೂ ಇಲ್ಲ.

“ದಿನಾ ಹೇಳ್ತಿದ್ದೆನಲ್ಲಮ್ಮ” ಎಂದಳು. “ಮಧ್ಯದಲ್ಲಿ ಸ್ಯಾಟಲೈಟ್ ಇರಲಿಲ್ಲ, ಅದಕ್ಕೆ ನಿಂಗೆ ಕೇಳಿಸ್ಲಿಲ್ಲ.”